ಕೆಡವಬೇಡಿ ಎಂದ ವರದಿ: ಬೆಳಗಾವಿಯ ಒಂದು ಮರುಅಭಿವೃದ್ಧಿ ಸಲಹಾ ಸೇವೆಯ ವಿಮರ್ಶೆ

ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟಿದರೆ ಮಾಲೀಕನಿಗೆ ಲಾಭವೋ ನಷ್ಟವೋ ಎಂಬುದನ್ನು ಬಿಲ್ಡರನಿಂದಲ್ಲದೆ ಬೇರೆ ಯಾರಿಂದಲಾದರೂ ಲೆಕ್ಕ ಹಾಕಿಸುವ ರೂಢಿ ಬೆಳಗಾವಿಯಲ್ಲಿ ಇನ್ನೂ ಬೇರೂರಿಲ್ಲ. ಬಿಲ್ಡರ್ ಮನೆಗೆ ಬರುತ್ತಾನೆ, ಬಣ್ಣದ ನಕ್ಷೆಯೊಂದನ್ನು ಹಾಸುತ್ತಾನೆ, ಫಿಫ್ಟಿ-ಫಿಫ್ಟಿ ಎನ್ನುತ್ತಾನೆ. ಮನೆಯವರು ಆ ಐವತ್ತು ಯಾವುದರ ಐವತ್ತು ಎಂದು ಕೇಳದೆಯೇ ಒಪ್ಪಿಬಿಡುತ್ತಾರೆ. ಈ ಕಾರಣಕ್ಕಾಗಿಯೇ ಶುಲ್ಕ ಪಡೆದು ಮಾಲೀಕರ ಪರವಾಗಿ ಲೆಕ್ಕ ಹಾಕಿಕೊಡುವ ಸ್ಥಳೀಯ ಸಲಹಾ ಸಂಸ್ಥೆಯೊಂದರ ಸೇವೆಯನ್ನು ನಮ್ಮ ಕುಟುಂಬ ಪಡೆಯಿತು. ಆಸ್ತಿಗಳು ಎರಡು: ಹಳೆಯ ಪೇಟೆಯ ಗಲ್ಲಿಯೊಂದರಲ್ಲಿ ಅಜ್ಜನ ಕಾಲದಿಂದ ಬಂದ, ಮುಂಭಾಗದಲ್ಲಿ ನಾಲ್ಕು ಅಂಗಡಿಗಳಿರುವ ವಾಡೆ, ಅಂದರೆ ಹಳೆಯ ಕಾಲದ ದೊಡ್ಡ ಮನೆ, ಮತ್ತು ಹಿಂದವಾಡಿಯಲ್ಲಿ ಸೋದರತ್ತೆಯ ಹೆಸರಿನಲ್ಲಿರುವ ಬಂಗಲೆ. ಒಂದೇ ಸಂಸ್ಥೆ, ಒಂದೇ ವಿಧಾನ, ಆದರೆ ಎರಡಕ್ಕೂ ಬಂದ ಉತ್ತರಗಳು ಪರಸ್ಪರ ವಿರುದ್ಧ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ದೂರಬೇಕಾದ ಸಂಗತಿಗಳೂ ಇವೆ. ಇಂತಹ ಸೇವೆಯಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ಒತ್ತಾಯಿಸಿ ಕೇಳಿ ಪಡೆಯಬೇಕು ಎಂಬುದನ್ನು ಹೇಳುವುದು ನನ್ನ ಉದ್ದೇಶ.

ಮೊದಲು ಶುಲ್ಕದ ಮಾತು. ಒಂದು ಆಸ್ತಿಗೆ ಅರವತ್ತೈದು ಸಾವಿರ ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ, ಮೂರು ಕಂತುಗಳಲ್ಲಿ. ದುಬಾರಿ ಎಂದು ಮನೆಯಲ್ಲಿ ಗೊಣಗಿದವರು ಇದ್ದರು. ಆದರೆ ಒಪ್ಪಂದ ಪತ್ರದಲ್ಲಿದ್ದ ಎರಡು ಸಾಲುಗಳು ನನ್ನ ಮಟ್ಟಿಗೆ ಆ ಹಣಕ್ಕೆ ಸಮನಾಗಿದ್ದವು: ಶುಲ್ಕವು ಯೋಜನೆಯ ಗಾತ್ರಕ್ಕೆ ಅನುಗುಣವಾಗಿ ಏರುವುದಿಲ್ಲ, ಮತ್ತು ಸಂಸ್ಥೆಯು ಯಾವುದೇ ಬಿಲ್ಡರನಿಂದ ದಲಾಲಿ ಪಡೆಯುವುದಿಲ್ಲ. ಕಟ್ಟಡದ ವೆಚ್ಚದ ಮೇಲೆ ಶೇಕಡಾವಾರು ಶುಲ್ಕ ಪಡೆಯುವ ಸಲಹೆಗಾರನಿಗೆ ಕಟ್ಟಡ ಏಳಲೇಬೇಕು, ದೊಡ್ಡದಾಗಿಯೇ ಏಳಬೇಕು. ಅವನು ಪ್ರಾಮಾಣಿಕನಾಗಿದ್ದರೂ ಅವನ ಲೆಕ್ಕ ಆ ದಿಕ್ಕಿಗೆ ವಾಲುತ್ತದೆ. ನಿಗದಿತ ಶುಲ್ಕದವನು ಮಾತ್ರ ‘ಬೇಡ’ ಎನ್ನಬಲ್ಲ. ಇಂತಹ ಸೇವೆಯನ್ನು ಹುಡುಕುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ.

ಕೆಲಸ ಆರಂಭವಾದದ್ದು ದಾಖಲೆಗಳಿಂದ. ಸಿಟಿ ಸರ್ವೆ ಉತಾರ (ಜಾಗದ ಸರಕಾರಿ ದಾಖಲೆ), ವಾಟ್ನಿ ಪತ್ರ (ಆಸ್ತಿ ಪಾಲಾದ ಪತ್ರ), ಪಾಲಿಕೆಯ ತೆರಿಗೆ ರಸೀದಿಗಳು ಮತ್ತು ವಂಶಾವಳಿಯನ್ನು ಪಕ್ಕಪಕ್ಕದಲ್ಲಿಟ್ಟು ಯಾವ ಹಿಸ್ಸೆಗೆ ಯಾರ ಸಹಿ ಬೇಕು ಎಂಬ ಪಟ್ಟಿಯನ್ನು ಸಿದ್ಧಪಡಿಸಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿ ಮತ್ತು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಬಳಿಕ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಜನ್ಮದಿಂದಲೇ ಗಂಡುಮಕ್ಕಳಷ್ಟೇ ಹಕ್ಕಿದೆ. ಆದ್ದರಿಂದ ಮದುವೆಯಾಗಿ ಊರು ಬಿಟ್ಟ ಅಕ್ಕತಂಗಿಯರ ಸಹಿ ಇಲ್ಲದ ಜಂಟಿ ಅಭಿವೃದ್ಧಿ ಕರಾರು (ಮಾಲೀಕನ ಜಾಗದಲ್ಲಿ ಬಿಲ್ಡರ್ ಕಟ್ಟಿ, ಕಟ್ಟಿದ್ದನ್ನು ಇಬ್ಬರೂ ಹಂಚಿಕೊಳ್ಳುವ ಒಪ್ಪಂದ) ಮುಂದೊಂದು ದಿನ ನ್ಯಾಯಾಲಯದ ಮೆಟ್ಟಿಲೇರುವ ಸಾಧ್ಯತೆ ಹೆಚ್ಚು. ಬಿಲ್ಡರ್ ತಂದಿದ್ದ ಕರಡಿನಲ್ಲಿ ಅಣ್ಣತಮ್ಮಂದಿರ ಹೆಸರುಗಳಷ್ಟೇ ಇದ್ದವು. ಈ ಒಂದು ಪುಟವನ್ನು ಸಂಸ್ಥೆ ಅಚ್ಚುಕಟ್ಟಾಗಿ ಮಾಡಿತು.

ಅಳತೆಯ ದಿನ ಬಂದ ಕಿರಿಯ ಎಂಜಿನಿಯರ್ ವಾಡೆಯೊಳಗೆ ಕಾಲಿಡುವ ಮೊದಲು ಗಲ್ಲಿಯನ್ನು ಅಳೆದರು. ಟೇಪಿನ ಒಂದು ತುದಿಯನ್ನು ನಮ್ಮ ಕಟ್ಟೆಯ ಬುಡಕ್ಕೂ ಇನ್ನೊಂದು ತುದಿಯನ್ನು ಎದುರುಮನೆಯ ಚರಂಡಿಯ ಅಂಚಿಗೂ ಹಿಡಿದು, ಗಲ್ಲಿಯ ಬಾಯಿಯಿಂದ ನಮ್ಮ ಬಾಗಿಲಿನವರೆಗೆ ಹಲವು ಕಡೆ ಅಗಲವನ್ನು ಬರೆದುಕೊಂಡು, ಅವುಗಳಲ್ಲಿ ಅತ್ಯಂತ ಕಿರಿದಾದ ಅಳತೆಯನ್ನೇ ವರದಿಗೆ ಆಧಾರವಾಗಿಟ್ಟುಕೊಂಡರು. ಮನೆಯನ್ನು ಬಿಟ್ಟು ರಸ್ತೆಯನ್ನೇಕೆ ಅಳೆಯುತ್ತೀರಿ ಎಂದು ಕಾಕಾ ಕೇಳಿದ್ದಕ್ಕೆ, ‘ಕಾಕಾ, ಮನಿ ಎಷ್ಟ ಎತ್ತರ ಆಗಬೇಕು ಅನ್ನೂದನ್ನ ರಸ್ತೇನ ಹೇಳತೈತ್ರಿ’ ಎಂದರು. ವರದಿಯ ತಿರುಳು ಆ ಮಾತಿನಲ್ಲಿತ್ತು. ಎಫ್‌ಎಆರ್, ಅಂದರೆ ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಅನುಪಾತ, ಮುಂದಿನ ರಸ್ತೆಯ ಅಗಲವನ್ನು ಅವಲಂಬಿಸಿರುತ್ತದೆ. ಕಿರಿದಾದ ರಸ್ತೆಯಲ್ಲಿ ಹೆಚ್ಚು ಮಹಡಿಗಳೆದ್ದರೆ ನೀರು, ಒಳಚರಂಡಿ, ವಾಹನ, ಅಗ್ನಿಶಾಮಕ ದಳದ ದಾರಿ ಎಲ್ಲಕ್ಕೂ ಒತ್ತಡ ಬೀಳುತ್ತದೆ ಎಂಬುದು ಈ ನಿಯಮದ ಹಿಂದಿನ ತರ್ಕ. ಆದ್ದರಿಂದ ಪೇಟೆಯ ನಡುವೆ ಜಾಗದ ಬೆಲೆ ಎಷ್ಟೇ ಇರಲಿ, ಆ ಜಾಗದ ಮೇಲೆ ಕಟ್ಟುವ ಹಕ್ಕು ಮಾತ್ರ ಗಲ್ಲಿಯಷ್ಟೇ ಕಿರಿದು.

ಲೆಕ್ಕ ಹೀಗಿತ್ತು. ವಾಡೆಯ ಜಾಗ ಆರು ಗುಂಟೆ, ಅಂದರೆ 6,534 ಚದರ ಅಡಿ. 42 ಅಡಿ ಅಗಲ, ಹಿತ್ತಲಿನವರೆಗೆ ಸುಮಾರು 155 ಅಡಿ ಉದ್ದ. ನೆಲಮಟ್ಟದಲ್ಲಿ 5,200 ಮತ್ತು ಮಾಳಿಗೆಯಲ್ಲಿ 4,300, ಒಟ್ಟು 9,500 ಚದರ ಅಡಿ ಕಟ್ಟಡ ಈಗಾಗಲೇ ಅಲ್ಲಿದೆ, ಏಕೆಂದರೆ ಹಿಂದಿನವರು ಪಕ್ಕದ ಗೋಡೆಗೆ ಗೋಡೆ ಹಚ್ಚಿ ಕಟ್ಟಿದರು. ವರದಿ ಹಿಡಿದ 1.5ರ ಅನುಪಾತದಲ್ಲಿ ಹೊಸದಾಗಿ ಕಟ್ಟಬಹುದಾದದ್ದು 9,801 ಚದರ ಅಡಿ. ಸುತ್ತಲೂ ಬಿಡಬೇಕಾದ ಖಾಲಿ ಜಾಗವನ್ನೆಲ್ಲ ಬಿಟ್ಟು, ಮಹಡಿಗಳನ್ನು ಏರಿಸಿ, ಕೋಟಿಗಟ್ಟಲೆ ಸುರಿದ ಮೇಲೆ ಹೆಚ್ಚಾಗಿ ಸಿಗುವುದು 301 ಚದರ ಅಡಿ! ಒಟ್ಟು 9,801ರಲ್ಲಿ ಬಿಲ್ಡರನಿಗೆ ಅರ್ಧ ಕೊಟ್ಟರೆ ಕುಟುಂಬದ ಕೈಯಲ್ಲಿ ಉಳಿಯುವುದು 4,900. ಇಂದು ನಮ್ಮದಾಗಿರುವ ವಿಸ್ತೀರ್ಣದ ಅರ್ಧವನ್ನು ಹೊಸ ಗೋಡೆ, ಹೊಸ ಟೈಲ್ಸ್‌ಗಳಿಗಾಗಿ ಬಿಟ್ಟುಕೊಟ್ಟಂತೆ. ಮರುಅಭಿವೃದ್ಧಿಯ ಅರ್ಥಶಾಸ್ತ್ರವೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ: ಈಗ ಇರುವುದಕ್ಕೂ ಮುಂದೆ ಕಟ್ಟಬಹುದಾದದ್ದಕ್ಕೂ ನಡುವಿನ ಅಂತರವೇ ಬಿಲ್ಡರನ ಖರ್ಚು, ಬಡ್ಡಿ, ಲಾಭ ಮತ್ತು ಮಾಲೀಕನ ಹೆಚ್ಚುವರಿ ಪಾಲು ಎಲ್ಲವನ್ನೂ ಹೊರಬೇಕು. ಅಂತರವಿಲ್ಲದ ಕಡೆ ಯಾರೋ ಒಬ್ಬರು ಸೋಲಲೇಬೇಕು, ಮತ್ತು ಸಾಮಾನ್ಯವಾಗಿ ಸೋಲುವವನು ಲೆಕ್ಕ ತಿಳಿಯದವನು.

ಅದಕ್ಕೂ ಮುಂದಿನ ಪುಟ ಇನ್ನೂ ಕಠೋರವಾಗಿತ್ತು. ಹೊಸ ವಾಣಿಜ್ಯ ಕಟ್ಟಡಕ್ಕೆ ಪಾರ್ಕಿಂಗ್ ಬೇಕು. ಅದನ್ನು ನೆಲಮಟ್ಟದಲ್ಲಿ ಕೊಟ್ಟರೆ ಪೇಟೆಯಲ್ಲಿ ಅತಿ ಹೆಚ್ಚು ಬಾಡಿಗೆ ತರುವ ಮಹಡಿಯೇ ಸ್ಕೂಟರುಗಳ ಪಾಲಾಗುತ್ತದೆ. ತಳಮನೆಯಲ್ಲಿ ಕೊಟ್ಟರೆ ಇಳಿಜಾರಿಗೆಂದು 42 ಅಡಿಯ ಮುಂಭಾಗದಲ್ಲಿ 12 ಅಡಿ ಹೋಗುತ್ತದೆ, ಮೆಟ್ಟಿಲಿಗೆ ಇನ್ನೂ ಆರು ಅಡಿ. ನಾಲ್ಕು ಅಂಗಡಿಗಳ ಜಾಗದಲ್ಲಿ ಎರಡೂವರೆ ಉಳಿಯುತ್ತವೆ. ಗಲ್ಲಿಯ ಗಿರಾಕಿ ನಡೆದು ಬರುವವನು. ಸಂತೆಗೆ ಬಂದವನು ಕಣ್ಣಿಗೆ ಬಿದ್ದ ಅಂಗಡಿಗೆ ಹೋಗುತ್ತಾನೆಯೇ ಹೊರತು ಮೂರನೆಯ ಮಹಡಿಯ ಫಲಕವನ್ನು ತಲೆಯೆತ್ತಿ ಓದುವುದಿಲ್ಲ. ಮೊದಲ ಮಹಡಿಯ ಬಾಡಿಗೆಯನ್ನು ನೆಲಮಟ್ಟದ ಅರ್ಧದಷ್ಟು, ಅದರ ಮೇಲಿನದನ್ನು ಇನ್ನೂ ಕಡಿಮೆ ಎಂದು ವರದಿ ಹಿಡಿದಿತ್ತು. ಪೇಟೆಯ ಹೊಸ ಕಾಂಪ್ಲೆಕ್ಸ್‌ಗಳ ಮೇಲ್ಮಹಡಿಗಳಲ್ಲಿ ಶಟರ್ ಮುಚ್ಚಿದ ಅಂಗಡಿಗಳನ್ನು ನೋಡಿದವರಿಗೆ ಈ ಊಹೆ ಉದಾರವೆಂದೇ ತೋರುತ್ತದೆ. ಚದರ ಅಡಿ ಎಲ್ಲ ಕಡೆಯೂ ಒಂದೇ ಅಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಬರೆದ ಬೇರೆ ಕಾಗದವನ್ನು ನಾನು ನೋಡಿಲ್ಲ.

ಕೊನೆಯ ಸಲಹೆ: ಕೆಡವಬೇಡಿ, ದುರಸ್ತಿ ಮಾಡಿ. ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆಗಳು ಗಟ್ಟಿಯಾಗಿವೆ, ತೊಂದರೆ ಇರುವುದು ಮೇಲಿನಿಂದ ಇಳಿಯುವ ನೀರಿನಲ್ಲಿ ಎಂದು ಅವರು ತೋರಿಸಿಕೊಟ್ಟರು. ಬೆಳಗಾವಿಯ ಮಳೆಗಾಲಕ್ಕೆ ಒಡೆದ ಮಂಗಳೂರು ಹೆಂಚು ಒಂದೇ ಸಾಕು. ಅದರ ಕೆಳಗಿನ ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗದಲ್ಲಿ ಮೊದಲು ಕೊಳೆಯುತ್ತದೆ, ಆಮೇಲೆ ಗೆದ್ದಲು ಬರುತ್ತದೆ. ಎಂಜಿನಿಯರ್ ಪ್ರತಿ ತೊಲೆಯ ತುದಿಯನ್ನೂ ಉದ್ದನೆಯ ಮೊಳೆಯಿಂದ ಚುಚ್ಚಿ, ಎಷ್ಟು ಒಳಗೆ ಇಳಿಯಿತು ಎಂಬುದನ್ನು ಸೀಮೆಸುಣ್ಣದಿಂದ ತೊಲೆಯ ಮೇಲೆಯೇ ಬರೆದಿಟ್ಟರು. ಆ ಗುರುತುಗಳ ಪ್ರಕಾರ ಬದಲಾಯಿಸಬೇಕಾದ ತೊಲೆಗಳು ಕೆಲವೇ. ಮಾಳಿಗೆಯನ್ನು ಕೋಚಿಂಗ್ ತರಗತಿಗೋ ಕಚೇರಿಗೋ ಬಾಡಿಗೆಗೆ ಕೊಡುವಂತೆ ಹಿಂಭಾಗದಿಂದ ಪ್ರತ್ಯೇಕ ಮೆಟ್ಟಿಲು, ಅಂಗಡಿಗಳಿಗೆ ಹೊಸ ವಿದ್ಯುತ್ ಜಾಲ, ಹಿತ್ತಲಿನ ಬಾವಿಗೆ ಛಾವಣಿಯ ಮಳೆನೀರನ್ನು ಇಳಿಸುವ ಕೊಳವೆ: ಇವೆಲ್ಲ ಸೇರಿ ಹೊಸ ಕಟ್ಟಡದ ವೆಚ್ಚದ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಪಾಲು ಕೊಡಬೇಕಾದ ಬಿಲ್ಡರ್ ಇಲ್ಲವಾದ್ದರಿಂದ ಬಾಡಿಗೆಯೆಲ್ಲ ಮನೆಗೇ ಉಳಿಯುತ್ತದೆ. ಈ ಸಲಹೆ ಕೊಟ್ಟದ್ದರಿಂದ ಸಂಸ್ಥೆಗೆ ಮುಂದಿನ ವಿನ್ಯಾಸದ ದೊಡ್ಡ ಕೆಲಸವೊಂದು ತಪ್ಪಿತು ಎಂಬುದನ್ನು ಗಮನಿಸಬೇಕು.

ಇಲ್ಲಿ ನಗರ ಯೋಜನೆಯ ದೊಡ್ಡ ಪ್ರಶ್ನೆಯೂ ಇದೆ. ಒಬ್ಬ ಮಾಲೀಕನಿಗೆ ಆಗದ್ದು ಇಡೀ ಗಲ್ಲಿಗೆ ಆಗಬಹುದಲ್ಲವೇ, ಎಲ್ಲರ ಜಾಗವನ್ನೂ ಒಟ್ಟುಗೂಡಿಸಿ ರಸ್ತೆ ಅಗಲ ಮಾಡಿ ಎತ್ತರಕ್ಕೆ ಕಟ್ಟಬಹುದಲ್ಲವೇ ಎಂದು ನಾವು ಕೇಳಿದೆವು. ಮುಂಬಯಿಯ ಭೆಂಡಿ ಬಜಾರ್‌ನಲ್ಲಿ ನಡೆದಿರುವುದು ಅದೇ: ಸುಮಾರು 16.5 ಎಕರೆಯಲ್ಲಿದ್ದ ಇನ್ನೂರೈವತ್ತರಷ್ಟು ಹಳೆಯ ಕಟ್ಟಡಗಳನ್ನು ತೆಗೆದು ಅಲ್ಲಿನ ಕುಟುಂಬಗಳಿಗೂ ಅಂಗಡಿಕಾರರಿಗೂ ಅಲ್ಲೇ ಹೊಸ ಜಾಗ ಕೊಡುವ ಯೋಜನೆ, ಒಂದು ಟ್ರಸ್ಟಿನ ಮೂಲಕ. ಅಂತಹ ಯೋಜನೆಯಲ್ಲಿ ಹೆಚ್ಚುವರಿ ಮಹಡಿಗಳನ್ನು ಮಾರಿದ ಹಣವೇ ಹಳಬರ ಮನೆಗಳ ವೆಚ್ಚವನ್ನು ಭರಿಸಬೇಕು, ಆದ್ದರಿಂದ ಮಾರಾಟದ ಬೆಲೆ ನಿರ್ಮಾಣ ವೆಚ್ಚದ ಹಲವು ಪಟ್ಟು ಇರಬೇಕು. ಮುಂಬಯಿಯಲ್ಲಿ ಇದೆ, ಬೆಳಗಾವಿಯಲ್ಲಿ ಸಿಮೆಂಟು ಕಬ್ಬಿಣದ ಬೆಲೆ ಮುಂಬಯಿಗಿಂತ ಅಷ್ಟೇನೂ ಕಡಿಮೆಯಲ್ಲ, ಫ್ಲ್ಯಾಟಿನ ಬೆಲೆ ಮಾತ್ರ ಬಹಳ ಕಡಿಮೆ. ನಮಗೆ ಹೆಚ್ಚು ಹೊಂದುವ ದಾರಿ ಅಹಮದಾಬಾದಿನದು ಎಂದು ನನಗೆ ಅನಿಸುತ್ತದೆ. 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಊರಿನ ಹಳೆಯ ಭಾಗದಲ್ಲಿ, ಪಾರಂಪರಿಕ ಮನೆಯನ್ನು ಉಳಿಸಿಕೊಳ್ಳುವ ಮಾಲೀಕ ತಾನು ಕಟ್ಟದೆ ಬಿಟ್ಟ ವಿಸ್ತೀರ್ಣದ ಹಕ್ಕನ್ನು ಬೇರೆಡೆ ಕಟ್ಟುವವರಿಗೆ ಮಾರಿ ಆ ಹಣವನ್ನು ದುರಸ್ತಿಗೆ ಬಳಸಬಹುದು. ನಮ್ಮಲ್ಲಿಯೂ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ, ರಸ್ತೆ ಅಗಲೀಕರಣದಂತಹ ಕಾರಣಗಳಿಗೆ ಜಾಗ ಬಿಟ್ಟುಕೊಟ್ಟವರಿಗೆ ಇಂತಹದೇ ಮಾರಬಹುದಾದ ಅಭಿವೃದ್ಧಿ ಹಕ್ಕು ಪತ್ರ, ಅಂದರೆ ಟಿಡಿಆರ್ ಕೊಡುವ ಅವಕಾಶವಿದೆ. ಆದರೆ ಅದು ಕಾಗದದ ಹಕ್ಕು. ಕೊಳ್ಳುವವರಿದ್ದರಷ್ಟೇ ಅದಕ್ಕೆ ಬೆಲೆ. ಬೆಳಗಾವಿಯು ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ನಗರಗಳಲ್ಲಿ ಒಂದಾಗಿ 2016ರ ಜನವರಿಯಲ್ಲಿ ಆಯ್ಕೆಯಾದಾಗ ಎಲ್ಲರ ಮಾತು ರಸ್ತೆ, ದೀಪಗಳ ಸುತ್ತಲೇ ಇತ್ತು. ಸಾರ್ವಜನಿಕ ಹಣ ಬೀದಿಯನ್ನು ಸುಧಾರಿಸಬಲ್ಲದು. ಬೀದಿಯ ಎರಡೂ ಬದಿಗಿರುವ ವಾಡೆಗಳು ಉಳಿಯುತ್ತವೆಯೋ ಬೀಳುತ್ತವೆಯೋ ಎಂಬುದನ್ನು ತೀರ್ಮಾನಿಸುವುದು ಇಂತಹ ನಿಯಮಗಳು. ಈ ಭಾಗವನ್ನು ವರದಿ ಒಂದೇ ಪ್ಯಾರಾದಲ್ಲಿ ಮುಗಿಸಿತ್ತು. ಚರ್ಚೆಯಲ್ಲಿ ಕೇಳಿದಾಗ ಮಾತ್ರ ವಿವರಿಸಿದರು.

ಹಿಂದವಾಡಿಯ ಬಂಗಲೆಯ ಉತ್ತರ ತದ್ವಿರುದ್ಧ. ಎಂಟು ಗುಂಟೆ ಜಾಗ, ಅಂದರೆ 8,712 ಚದರ ಅಡಿ, ಮುಂದೆ ಅಗಲವಾದ ರಸ್ತೆ, ನಡುವೆ 2,400 ಚದರ ಅಡಿಯ ಮನೆ. ವರದಿ ಹಿಡಿದ 1.75ರ ಅನುಪಾತದಲ್ಲಿ 15,246 ಚದರ ಅಡಿ ಕಟ್ಟಬಹುದು. ಇಲ್ಲಿ ಅಂತರ ದೊಡ್ಡದಾಗಿರುವುದರಿಂದ ಇಬ್ಬರೂ ಗೆಲ್ಲಬಹುದು, ಮತ್ತು ಒಬ್ಬರೇ ಇರುವ ಎಪ್ಪತ್ತು ದಾಟಿದ ಅತ್ತೆಗೆ ಅಷ್ಟು ದೊಡ್ಡ ಮನೆಯನ್ನು ಗುಡಿಸಿ ಸಾರಿಸಿಕೊಂಡಿರುವುದೂ ಕಷ್ಟವಾಗಿತ್ತು. ಬಂದಿದ್ದ ಇಬ್ಬರು ಬಿಲ್ಡರುಗಳಲ್ಲಿ ಒಬ್ಬರು ಐದು ವರ್ಷದಲ್ಲಿ ಕಟ್ಟಿ ನೂರಕ್ಕೆ ಐವತ್ತು ಪಾಲು, ಇನ್ನೊಬ್ಬರು ಮೂರು ವರ್ಷದಲ್ಲಿ ಕಟ್ಟಿ ನಲವತ್ತೆರಡು ಪಾಲು ಕೊಡುತ್ತೇವೆ ಎಂದಿದ್ದರು. ಮನೆಯವರೆಲ್ಲ ಐವತ್ತರ ಕಡೆಗೇ ಇದ್ದರು. ತಡವಾಗಿ ಕೈಗೆ ಬರುವುದರ ಇಂದಿನ ಬೆಲೆ ಕಡಿಮೆ ಎಂದು ಸಂಸ್ಥೆ ವರ್ಷಕ್ಕೆ ಶೇಕಡಾ 10ರಂತೆ ಕಾಲದ ಬೆಲೆಯನ್ನು ಕಳೆದು ತೋರಿಸಿತು: ಐದು ವರ್ಷದ ನಂತರದ 7,623 ಚದರ ಅಡಿ ಇಂದಿನ ಲೆಕ್ಕದಲ್ಲಿ ಸುಮಾರು 4,733ಕ್ಕೆ ಸಮ, ಮೂರು ವರ್ಷದ ನಂತರದ 6,403 ಸುಮಾರು 4,811ಕ್ಕೆ ಸಮ. ಕಡಿಮೆ ಪಾಲೇ ಹೆಚ್ಚು ಬೆಲೆಯದು. ಜೊತೆಗೆ ಬಾಡಿಗೆ ಮನೆಯಲ್ಲಿ ಎರಡು ವರ್ಷ ಕಡಿಮೆ ವಾಸ. ಎಪ್ಪತ್ತು ದಾಟಿದವರಿಗೆ ಆ ಎರಡು ವರ್ಷಗಳ ಬೆಲೆಯನ್ನು ಯಾವ ಬಡ್ಡಿದರವೂ ಪೂರ್ತಿಯಾಗಿ ಹಿಡಿಯಲಾರದು ಎಂದು ವರದಿಯ ಅಡಿಯಲ್ಲಿ ಒಂದು ಸಾಲು ಬರೆದಿದ್ದರು. ಲೆಕ್ಕದವರಿಂದ ಆ ಸಾಲು ಬಂದದ್ದು ನನಗೆ ಸಂತೋಷ ಕೊಟ್ಟಿತು.

ಕರಾರಿನ ಕುರಿತ ಸಲಹೆಗಳು ಉಪಯುಕ್ತವಾಗಿದ್ದವು. ನಿವೇಶನ 500 ಚದರ ಮೀಟರ್ ಮೀರಿದ್ದರಿಂದ, ಫ್ಲ್ಯಾಟುಗಳೂ ಎಂಟನ್ನು ಮೀರಿದರೆ ರಿಯಲ್ ಎಸ್ಟೇಟ್ ಯೋಜನೆಗಳನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ ಅಡಿಯಲ್ಲಿ ನೋಂದಣಿ ಕಡ್ಡಾಯ. ಪಾಲನ್ನು ಸೂಪರ್ ಬಿಲ್ಟಪ್‌ನಲ್ಲಿ ಹೇಳದೆ ಕಾರ್ಪೆಟ್ ವಿಸ್ತೀರ್ಣದಲ್ಲಿಯೇ, ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲದ ಅಳತೆಯಲ್ಲಿಯೇ ಬರೆಸಬೇಕು, ಏಕೆಂದರೆ ಮೆಟ್ಟಿಲು, ಲಿಫ್ಟ್, ಪಡಸಾಲೆಗಳನ್ನೆಲ್ಲ ಸೇರಿಸಿದ ಸಂಖ್ಯೆ ಎಷ್ಟು ಬೇಕಾದರೂ ಹಿಗ್ಗುತ್ತದೆ. ಕೊಂಡವರಿಂದ ಬಂದ ಹಣದ ಶೇಕಡಾ 70 ಪ್ರತ್ಯೇಕ ಖಾತೆಯಲ್ಲಿರಬೇಕು ಎಂಬ ನಿಯಮವನ್ನು, ಹಸ್ತಾಂತರದ ನಂತರ ಐದು ವರ್ಷಗಳವರೆಗೆ ರಚನಾ ದೋಷಗಳ ಹೊಣೆ ಬಿಲ್ಡರನದೇ ಎಂಬುದನ್ನು ಅತ್ತೆಗೆ ಅರ್ಥವಾಗುವಂತೆ ವಿವರಿಸಿದರು. ತೆರಿಗೆಯ ವಿಷಯದಲ್ಲಿಯೂ ಒಂದು ಮುಖ್ಯ ಎಚ್ಚರಿಕೆ ಇತ್ತು. ಆದಾಯ ತೆರಿಗೆ ಕಾನೂನಿಗೆ 2017ರಲ್ಲಿ ಸೇರಿದ ನಿಯಮದ ಪ್ರಕಾರ, ನೋಂದಾಯಿತ ಕರಾರು ಮಾಡಿಕೊಂಡ ವ್ಯಕ್ತಿಗೆ ಬಂಡವಾಳ ಲಾಭದ ತೆರಿಗೆ ಬೀಳುವುದು ಕರಾರಿನ ವರ್ಷದಲ್ಲಲ್ಲ, ಪೂರ್ಣತಾ ಪ್ರಮಾಣಪತ್ರ ಬಂದ ವರ್ಷದಲ್ಲಿ; ಆದರೆ ಪ್ರಮಾಣಪತ್ರಕ್ಕೆ ಮೊದಲೇ ತನ್ನ ಪಾಲನ್ನು ಮಾರಿದರೆ ಆ ಸೌಲಭ್ಯ ಹೋಗುತ್ತದೆ. ಮೊಮ್ಮಗಳ ಮದುವೆಗೆಂದು ಒಂದು ಫ್ಲ್ಯಾಟನ್ನು ಮುಂಗಡವಾಗಿ ಮಾರುವ ಯೋಚನೆಯಲ್ಲಿದ್ದ ಅತ್ತೆ ಅದನ್ನು ಕೈಬಿಟ್ಟರು.

ಈಗ ಕೊರತೆಗಳು. ಎಲ್ಲಕ್ಕಿಂತ ದೊಡ್ಡದು ಬಾಡಿಗೆದಾರರ ವಿಷಯ. ವಾಡೆಯ ಮೊದಲ ವರದಿಯಲ್ಲಿ ನಾಲ್ಕು ಅಂಗಡಿಗಳ ಕುರಿತು ಇದ್ದದ್ದು ‘ಖಾಲಿ ಮಾಡಿಸಿದ ನಂತರ’ ಎಂಬ ಒಂದು ಪದಗುಚ್ಛ ಮಾತ್ರ. ಎಡಗಡೆಯ ಮೊದಲ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಹೊಲಿಗೆ ಮಾಡುತ್ತಿರುವವರ ಜಾಗ 110 ಚದರ ಅಡಿ; ಎರಡು ಯಂತ್ರ, ಒಂದು ಇಸ್ತ್ರಿ ಮೇಜು, ಬಾಗಿಲ ಮೇಲೆ ತೂಗುಹಾಕಿದ ಸಿದ್ಧ ಬಟ್ಟೆಗಳು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ವಾಣಿಜ್ಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟರೂ 14 ಚದರ ಮೀಟರ್ ಮೀರದ ಸಣ್ಣ ಅಂಗಡಿಗಳನ್ನು ಹೊರಗಿಟ್ಟಿಲ್ಲ. ನಮ್ಮ ನಾಲ್ಕೂ ಅಂಗಡಿಗಳು ಆ ಅಳತೆಯೊಳಗೆ ಬರುತ್ತವೆ, ಆದ್ದರಿಂದ ಬಾಡಿಗೆದಾರರಿಗೆ ಆ ಕಾಯ್ದೆಯ ರಕ್ಷಣೆ ಇರಬಹುದು. ಕಾನೂನನ್ನು ಬದಿಗಿಟ್ಟರೂ, ಆ ಗಿರಾಕಿಗಳು ಆ ಬಾಗಿಲಿಗೆ ಬರುವವರು; ಒಂದು ವರ್ಷ ಬೇರೆಡೆ ಕೂತರೆ ಅರ್ಧ ಗಿರಾಕಿ ಮರಳಿ ಬರುವುದಿಲ್ಲ. ಆ ನಷ್ಟವನ್ನು ಯಾರು ಹೊರುತ್ತಾರೆ ಎಂಬುದು ವರದಿಯಲ್ಲಿ ಇಲ್ಲದಿದ್ದರೆ ಅದು ಮಾಯವಾಗುವುದಿಲ್ಲ, ಬಡವನ ಲೆಕ್ಕಕ್ಕೆ ಸದ್ದಿಲ್ಲದೆ ಸೇರುತ್ತದೆ. ನಾವು ಪಟ್ಟು ಹಿಡಿದ ಮೇಲೆ ತಿದ್ದಿದ ವರದಿ ಬಂತು: ಮುಂಭಾಗದ ಕೆಲಸವನ್ನು ಎರಡು ಹಂತಗಳಲ್ಲಿ ಮಾಡಿ, ಎಡಗಡೆಯ ಎರಡು ಅಂಗಡಿಗಳ ಕೆಲಸ ನಡೆಯುವಾಗ ಅವರಿಗೆ ಒಳಗಿನ ಪಡಸಾಲೆಯಲ್ಲಿ ಜಾಗ, ಆಮೇಲೆ ಬಲಗಡೆಯವರಿಗೆ ಅದೇ ವ್ಯವಸ್ಥೆ. ಚೆನ್ನಾಗಿದೆ, ಕೇಳದೆಯೇ ಬರಬೇಕಿತ್ತು.

ಇನ್ನೊಂದು, ಮಾರಾಟ ಬೆಲೆಯ ಊಹೆ. ಹಿಂದವಾಡಿಯ ವರದಿಯಲ್ಲಿ ಅಕ್ಕಪಕ್ಕದ ಯೋಜನೆಗಳ ಜಾಹೀರಾತಿನ ದರವನ್ನೇ ಹಿಡಿದಿದ್ದರು. ಕೇಳುವ ದರ ಬೇರೆ, ಕೈಗೆ ಬರುವ ದರ ಬೇರೆ. ಇದು ಸಣ್ಣ ವಿಷಯವಲ್ಲ: ಮಾರಾಟ ನೂರು, ವೆಚ್ಚ ಎಂಬತ್ತು ಆಗಿದ್ದರೆ ಲಾಭ ಇಪ್ಪತ್ತು; ದರ ಹತ್ತು ಕುಸಿದರೆ ಲಾಭ ಅರ್ಧಕ್ಕೆ ಇಳಿಯುತ್ತದೆ, ಮತ್ತು ಲಾಭ ಸೊರಗಿದ ಬಿಲ್ಡರನ ಕೆಲಸ ಪ್ಲಾಸ್ಟರಿನ ಹಂತದಲ್ಲಿ ನಿಲ್ಲುತ್ತದೆ. ದರ ಕುಸಿದರೆ ಏನಾಗುತ್ತದೆ ಎಂಬ ಕೋಷ್ಟಕವನ್ನು ಅವರೇ ಕೊಟ್ಟಿದ್ದರೆಂಬುದು ಸಮಾಧಾನ, ಆದರೂ ಅದರ ಆರಂಭದ ಅಂಕಿಯೇ ಎತ್ತರದ್ದಾಗಿತ್ತು. ವರದಿ ಇಂಗ್ಲಿಷಿನಲ್ಲಿ ಮಾತ್ರ ಇತ್ತೆಂಬುದೂ ಒಂದು ದೋಷವೇ. ಸಹಿ ಹಾಕಬೇಕಾದವರಲ್ಲಿ ಅರ್ಧದಷ್ಟು ಜನ ಕನ್ನಡವನ್ನೋ ಮರಾಠಿಯನ್ನೋ ಓದುವವರು. ಕೇಳಿದ ಮೇಲೆ ನಾಲ್ಕು ಪುಟಗಳ ಕನ್ನಡ ಸಾರಾಂಶ ಬಂತು, ಮತ್ತು ಕಾಕಾ ಅದನ್ನು ಓದಿದ ದಿನವೇ ಬಿಲ್ಡರನಿಗೆ ಬೇಡವೆಂದು ಫೋನ್ ಮಾಡಿದರು.

ಹಳೆಯ ಪೇಟೆ, ಶಹಾಪುರ, ವಡಗಾವಗಳ ಗಲ್ಲಿಗಳಲ್ಲಿ ಕೂಡುಕುಟುಂಬದ ಆಸ್ತಿ ಇರುವವರು ಕರಾರಿಗೆ ಮೊದಲು ಇಂತಹ ಸೇವೆಯನ್ನು ಪಡೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಜಾಗ ಚಿಕ್ಕದಿದ್ದು ಒಬ್ಬರೇ ಮಾಲೀಕರಾಗಿದ್ದರೆ ಪೂರ್ಣ ವರದಿ ಬೇಕಿಲ್ಲ. ರಸ್ತೆಯ ಅಗಲ, ಅನುಮತಿಸಿದ ಅನುಪಾತ ಮತ್ತು ಈಗಿರುವ ಕಟ್ಟಡದ ವಿಸ್ತೀರ್ಣ ಈ ಮೂರನ್ನು ಪರವಾನಗಿ ಪಡೆದ ಯಾವುದೇ ಎಂಜಿನಿಯರ್ ಹೇಳಬಲ್ಲರು, ಮತ್ತು ಅಷ್ಟರಿಂದಲೇ ಬಹುಪಾಲು ಉತ್ತರ ಸಿಗುತ್ತದೆ. ಸೇವೆ ಪಡೆಯುವವರು ಬಾಡಿಗೆದಾರರ ಅಧ್ಯಾಯ ಮತ್ತು ಕನ್ನಡ ಸಾರಾಂಶ ಇವೆರಡನ್ನೂ ಒಪ್ಪಂದ ಪತ್ರದಲ್ಲಿಯೇ ಬರೆಸಿಕೊಳ್ಳಲಿ, ಕೊನೆಯ ಕಂತನ್ನು ಅವು ಕೈಗೆ ಬಂದ ಮೇಲೆ ಕೊಡಲಿ. ದುರಸ್ತಿಯ ಮೇಲ್ವಿಚಾರಣೆಗೆ ಈ ಸಂಸ್ಥೆ ಪ್ರತ್ಯೇಕ ಶುಲ್ಕ ಕೇಳುತ್ತದೆ. ಆ ಕೆಲಸವನ್ನು ನಾವು ಇನ್ನೂ ಒಪ್ಪಿಸಿಲ್ಲ, ಮಳೆಗಾಲ ಮುಗಿದು ಹೆಂಚು ಇಳಿಸುವ ಹೊತ್ತಿಗೆ ತೀರ್ಮಾನಿಸಲಿದ್ದೇವೆ.